ತೊಟ್ಟಿ ಮಗುಚಿದ ಡಾಕ್ಟರು

ಗೆಳೆಯರೇ, ಮೊದಲು ಒಂದು ತಪ್ಪೊಪ್ಪಿಗೆ. ಈ ಲೇಖನವನ್ನ ಹೋದ ಸಂಚಿಕೆಗೇ ಕೊಡ್ತೀನಿ ಅಂತ ನಮ್ಮ ಕನ್ನಡ ಸಂಘದವರಿಗೆ ಮಾತು ಕೊಟ್ಟಿದ್ದೆ. ಕೊಡಲಿಲ್ಲ. ಪ್ರತಿ ರಾತ್ರಿ ಲ್ಯಾಪ್‌ಟಾಪ್ ತೆಗೆಯೋದು, ಒಂದು ಸಾಲು ಬರೆಯೋದು, ಚೆನ್ನಾಗಿಲ್ಲ ಅಂತ ಅಳಿಸೋದು, ಆಮೇಲೆ ನಾಳೆ ಫ್ರೆಶ್ ಆಗಿ ಕೂತ್ಕೊಂಡು ಬರೆಯೋಣ ಅಂತ ಮಲಗೋದು. ಫೈನಲ್ ಇಯರ್ ಪ್ರಾಜೆಕ್ಟಿನ ಕಥೆಯೂ ಇದೇ. ಗೈಡ್ ಹತ್ತಿರ ಹೋಗಿ ನನ್ನ ಐಡಿಯಾ ಇದು ಅಂತ ಹೇಳೋಕೆ ಮೂರು ವಾರ ಹಿಂದೇಟು ಹಾಕಿದೀನಿ. ತಪ್ಪಾಗಿದ್ರೆ? ನಗಾಡಿದ್ರೆ? ಇದನ್ನ ಆಗಲೇ ಯಾರೋ ಮಾಡಿಬಿಟ್ಟಿದ್ರೆ?

ಹಾಗೆ ಒಂದು ರಾತ್ರಿ ಕೆ.ಆರ್. ಪುರದ ನಮ್ಮ ರೂಮಿನಲ್ಲಿ ಏನೂ ಬರೆಯದೆ ಕೂತಿದ್ದಾಗ ಸೊಳ್ಳೆ ಕಾಟ ತಡೆಯೋಕಾಗಲಿಲ್ಲ. ಟೆರೇಸಿಗೆ ಹೋಗಿ ನೋಡಿದ್ರೆ ನೀರಿನ ಟ್ಯಾಂಕರ್ ಬಂದಾಗ ತುಂಬಿಸಿಟ್ಟಿದ್ದ ನೀಲಿ ಡ್ರಮ್ಮಿನ ಮುಚ್ಚಳ ಹಾರಿಹೋಗಿತ್ತು. ಟಾರ್ಚ್ ಬಿಟ್ಟರೆ ಒಳಗೆ ಕೊಂಕುಕೊಂಕಾಗಿ ಈಜಾಡೋ ನೂರಾರು ಮರಿಗಳು. ಆಗ ನೆನಪಾದವರು ಇದೇ ಬೆಂಗಳೂರಿನ ದಂಡು ಪ್ರದೇಶದಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, 1883ರಲ್ಲಿ ಇಂಥದೇ ಒಂದು ನೀರಿನ ತೊಟ್ಟಿಯೊಳಗೆ ಇಣುಕಿ ನೋಡಿದ್ದ 26 ವರ್ಷದ ಒಬ್ಬ ಡಾಕ್ಟರು. ಹೆಸರು ರೊನಾಲ್ಡ್ ರಾಸ್. ಸೊಳ್ಳೆಯಿಂದ ಮಲೇರಿಯಾ ಬರುತ್ತೆ ಅಂತ ತೋರಿಸಿಕೊಟ್ಟು, 1902ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಡೆದವರು. ಎಂಟನೇ ಕ್ಲಾಸಿನ ಪಾಠದಲ್ಲೋ ಕ್ವಿಜ್‌ನಲ್ಲೋ ಹೆಸರು ಕೇಳಿರ್ತೀರಿ. ಆದರೆ ಅವರು ಎಷ್ಟು ಅಳುಕಿನ, ಎಷ್ಟು ಗೊಂದಲದ ಮನುಷ್ಯ ಆಗಿದ್ರು, ಮೊದಲ ಹೆಜ್ಜೆ ಇಡೋಕೆ ಎಷ್ಟು ವರ್ಷ ತಗೊಂಡ್ರು ಅನ್ನೋದು ಪಾಠದಲ್ಲಿ ಇರಲ್ಲ. ಆ ಕಥೆ ಹೇಳೋಕೆ ಈ ಲೇಖನ.

ಬೇಡದ ಕೋರ್ಸ್ ಸೇರಿದ ಹುಡುಗ

ರಾಸ್ ಹುಟ್ಟಿದ್ದು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ, 1857ರ ಮೇ 13ರಂದು. ಮೀರತ್ತಿನಲ್ಲಿ ಸಿಪಾಯಿಗಳು ದಂಗೆ ಎದ್ದು ಆಗಿನ್ನೂ ಮೂರೇ ದಿನ. ತಂದೆ ಬ್ರಿಟಿಷರ ಭಾರತೀಯ ಸೈನ್ಯದಲ್ಲಿ ದೊಡ್ಡ ಅಧಿಕಾರಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಎಂಟು ವರ್ಷಕ್ಕೇ ಓದೋಕೆ ಅಂತ ಇಂಗ್ಲೆಂಡಿನ ಬಂಧುಗಳ ಮನೆಗೆ ಕಳಿಸಿಬಿಟ್ಟರು.

ಹುಡುಗನಿಗೆ ಚಿತ್ರ ಬರೆಯೋದು ಇಷ್ಟ. ಕವಿತೆ ಇಷ್ಟ, ಸಂಗೀತ ಇಷ್ಟ, ಗಣಿತ ಇನ್ನೂ ಇಷ್ಟ. ಚಿತ್ರಕಲೆಯ ಪರೀಕ್ಷೆಯಲ್ಲಿ ಮೊದಲ ಸ್ಥಾನವೂ ಬಂತು. ಇಷ್ಟವಿಲ್ಲದ್ದು ಒಂದೇ, ಡಾಕ್ಟರ್ ಆಗೋದು. ತಂದೆ ಆರಿಸಿದ್ದೂ ಅದನ್ನೇ. ಮಗ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಬೇಕು ಅಂತ ಅವರು ತೀರ್ಮಾನ ಮಾಡಿದ್ದರು. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯು ಆಸ್ಪತ್ರೆಯ ಕಾಲೇಜಿಗೆ ಸೇರಿಸಿದರು.

ಇಲ್ಲಿಂದ ಮುಂದಿನದು ನಮ್ಮಲ್ಲಿ ಅರ್ಧ ಜನರ ಆತ್ಮಕಥೆ ಥರ ಇದೆ. ಕ್ಲಾಸಿನಲ್ಲಿ ಕೂತರೂ ಮನಸ್ಸು ಇನ್ನೆಲ್ಲೋ. ಓದಬೇಕಾದ ಹೊತ್ತಿನಲ್ಲಿ ನಾಟಕ ಬರೆಯೋದು, ರಾಗ ಕಟ್ಟೋದು. 1879ರಲ್ಲಿ ಎರಡು ಪರೀಕ್ಷೆ ತಗೊಂಡರು. ಸರ್ಜನ್ನರದು ಪಾಸಾಯಿತು, ಅಪಾಥೆಕರಿಗಳದು ಫೇಲ್. ಊರಿಂದ ಬರ್ತಿದ್ದ ದುಡ್ಡು ನಿಲ್ಲಿಸ್ತೀನಿ ಅಂತ ತಂದೆ ಗದರಿಸಿದಾಗ, ಲಂಡನ್ನಿಗೂ ನ್ಯೂಯಾರ್ಕಿಗೂ ಓಡಾಡೋ ಹಡಗಿನಲ್ಲಿ ವೈದ್ಯನ ಕೆಲಸ ಹಿಡಿದರು. 1881ರಲ್ಲಿ ಮತ್ತೆ ಕೂತು ಪಾಸಾದರು. ಮೆಡಿಕಲ್ ಸರ್ವಿಸ್ ಪರೀಕ್ಷೆಯಲ್ಲಿ 22 ಜನರಲ್ಲಿ 17ನೇ ಸ್ಥಾನ. ಬಂಗಾಳದಂಥ ಬೇಡಿಕೆಯ ಪ್ರಾಂತ್ಯ ಸಿಗುವ ರ‍್ಯಾಂಕ್ ಅಲ್ಲ ಅದು. ಸಿಕ್ಕಿದ್ದು ಮದ್ರಾಸ್ ಪ್ರಾಂತ್ಯ.

ಮುಂದೆ ನೊಬೆಲ್ ಪಡೆಯೋ ಮನುಷ್ಯ ತನ್ನ 24ನೇ ವಯಸ್ಸಿನಲ್ಲಿ ಬೇಡದ ಡಿಗ್ರಿ ಕೈಯಲ್ಲಿ ಹಿಡ್ಕೊಂಡು, ಕೊನೆ ಸಾಲಿನ ರ‍್ಯಾಂಕ್ ಹೊತ್ಕೊಂಡು, ಏನು ಮಾಡಬೇಕು ಅಂತ ಗೊತ್ತಿಲ್ಲದೆ ಹಡಗು ಹತ್ತಿದ. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ.

ದಂಡಿನಲ್ಲಿ ಒಂದು ತೊಟ್ಟಿ

1883ರಲ್ಲಿ ರಾಸ್ ಬೆಂಗಳೂರಿಗೆ ಬಂದರು. ಇಲ್ಲಿನ ದಂಡಿಗೆ ಹಂಗಾಮಿ ಗ್ಯಾರಿಸನ್ ಸರ್ಜನ್.

ಆಗ ಬೆಂಗಳೂರು ಎರಡು ಊರು. ಒಂದು ಪೇಟೆ, ಅಂದರೆ ಚಿಕ್ಕಪೇಟೆ, ಬಳೇಪೇಟೆ, ಕೋಟೆಯ ಕಡೆ. ಅದು ಮೈಸೂರು ಮಹಾರಾಜರದು. ಇನ್ನೊಂದು ಹಲಸೂರಿನ ಪಕ್ಕ ಬೆಳೆದ ದಂಡು. ಅದು ಬ್ರಿಟಿಷರದು. ಇವತ್ತು ನಾವು ಎಂ.ಜಿ. ರೋಡ್ ಅನ್ನೋದು ಆಗ ಸೌತ್ ಪರೇಡ್, ಶಿವಾಜಿನಗರ ಆಗ ಬ್ಲ್ಯಾಕ್‌ಪಲ್ಲಿ. ಈ ದಂಡು ಇಲ್ಲಿಗೆ ಬಂದ ಕಾರಣವೂ ಮಜವಾಗಿದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಕಾವೇರಿ ನಡುವಿನ ಆ ದ್ವೀಪದಲ್ಲಿ ಸೈನಿಕರು ಜ್ವರದಿಂದ ಒಬ್ಬರ ಹಿಂದೊಬ್ಬರು ಮಲಗೋಕೆ ಶುರು ಮಾಡಿದರು. ಕೆಟ್ಟ ಗಾಳಿ ಅಂದುಕೊಂಡು, ಒಣ ಹವೆಯ ಎತ್ತರದ ಜಾಗ ಹುಡುಕಿ 1809ರಲ್ಲಿ ಹಲಸೂರಿಗೆ ಬಂದರು. ಹಾಗಾಗಿ ನಮ್ಮ ಕಂಟೋನ್ಮೆಂಟ್ ಹುಟ್ಟಿದ್ದರಲ್ಲಿ ಸೊಳ್ಳೆಗೂ ಒಂದು ಪಾಲಿದೆ. ಅದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಮಲೇರಿಯಾ ಅನ್ನೋ ಪದದ ಅರ್ಥವೇ ಕೆಟ್ಟ ಗಾಳಿ.

ರಾಸ್‌ಗೆ ಸಿಕ್ಕ ಬಂಗಲೆ ಚೆನ್ನಾಗಿಯೇ ಇತ್ತು, ಒಂದು ತೊಂದರೆ ಬಿಟ್ಟು. ಅಕ್ಕಪಕ್ಕದವರಿಗಿಂತ ಇವರಿಗೆ ಸೊಳ್ಳೆ ಕಾಟ ಜಾಸ್ತಿ. ಯಾಕೆ ಅಂತ ಹುಡುಕುತ್ತಾ ಹೋದರೆ, ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ. ಒಳಗೆ ಸೊಳ್ಳೆ ಮರಿಗಳು ತುಂಬಿ ತುಳುಕ್ತಿದ್ದವು. ರಾಸ್ ಮಾಡಿದ್ದು ಇಷ್ಟೇ. ತೊಟ್ಟಿಯನ್ನ ಮಗುಚಿದರು. ಸೊಳ್ಳೆ ಕಮ್ಮಿಯಾಯಿತು.

ಇವರಿಗೆ ಉತ್ಸಾಹ ಬಂತು. ಹೀಗೇ ಎಲ್ಲ ಕಡೆ ನಿಂತ ನೀರನ್ನ ಚೆಲ್ಲಿಬಿಟ್ಟರೆ ಹೇಗೆ ಅಂತ ಹೋಗಿ ಅಡ್ಜುಟೆಂಟ್ ಸಾಹೇಬರಿಗೆ ಹೇಳಿದರು. ಅವರಿಗೆ ಅದು ಹಿಡಿಸಲಿಲ್ಲ. ಸೊಳ್ಳೆ ಇರೋದು ಸೃಷ್ಟಿಯ ನಿಯಮ, ಅದನ್ನ ಬದಲಾಯಿಸೋಕೆ ನಾವ್ಯಾರು, ಸಹಿಸ್ಕೊಂಡು ಹೋಗಬೇಕು ಅನ್ನೋ ಧಾಟಿಯಲ್ಲಿ ಮಾತು ಮುಗಿಸಿದರು. ರಾಸ್ ಸುಮ್ಮನಾದರು.

ಈ ಘಟನೆಯನ್ನ ನಾನು ಮತ್ತೆ ಮತ್ತೆ ಯೋಚನೆ ಮಾಡಿದೀನಿ. ತೊಟ್ಟಿ ಮಗುಚೋಕೆ ಎರಡು ನಿಮಿಷ ಸಾಕು, ಯಾರ ಅಪ್ಪಣೆಯೂ ಬೇಡ. ಅಷ್ಟನ್ನ ಅವರು ಮಾಡಿದರು. ಆದರೆ ಮೇಲಿನವರು ಒಪ್ಪಲಿಲ್ಲ ಅಂದ ತಕ್ಷಣ ಆ ಯೋಚನೆಯನ್ನ ಅಲ್ಲೇ ಬಿಟ್ಟುಬಿಟ್ಟರು. ಒಂದು ಪುಟ ಬರೆದಿಟ್ಟು ಹತ್ತು ತೊಟ್ಟಿಗಳ ಲೆಕ್ಕ ಹಾಕಿದ್ದರೆ? ಹಾಕಲಿಲ್ಲ. ಬೆಂಗಳೂರಿನಲ್ಲಿ ಇಟ್ಟ ಆ ಮೊದಲ ಹೆಜ್ಜೆಗೂ ಎರಡನೇ ಹೆಜ್ಜೆಗೂ ನಡುವೆ ಹನ್ನೊಂದು ವರ್ಷ ಕಳೆದುಹೋಯಿತು.

ಹನ್ನೊಂದು ವರ್ಷ ಏನು ಮಾಡಿದರು?

ಸೋಮಾರಿಯಾಗಂತೂ ಇರಲಿಲ್ಲ. ಬರ್ಮಾ, ಅಂಡಮಾನ್ ಸುತ್ತಿದರು. ಕಾದಂಬರಿ ಬರೆದರು, ಕವಿತೆ ಬರೆದರು. ಗಣಿತದ ಪುಸ್ತಕಗಳನ್ನ ತರಿಸಿಕೊಂಡು ತಾವೇ ಕೂತು ಕಲಿತರು. 1888ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಮಾಡಿ, ಸೂಕ್ಷ್ಮಜೀವಿಗಳ ಬಗ್ಗೆ ಒಂದು ಕೋರ್ಸ್ ಮುಗಿಸಿದರು. 1889ರಲ್ಲಿ ರೋಸಾ ಬ್ಲಾಕ್ಸಮ್ ಅವರನ್ನ ಮದುವೆಯಾದರು. ಎಲ್ಲವನ್ನೂ ಶುರು ಮಾಡ್ತಿದ್ದರು, ಯಾವುದೂ ಗುರಿ ಅನ್ನಿಸ್ತಿರಲಿಲ್ಲ.

ಈ ಹೊತ್ತಿಗೆ ಮಲೇರಿಯಾ ವಿಷಯ ಅವರನ್ನ ಹಿಡ್ಕೊಂಡಿತ್ತು. ನಮ್ಮ ಮಲೆನಾಡಿನ ಅಜ್ಜಿಯಂದಿರು ಚಳಿಜ್ವರ ಅನ್ನೋದು ಇದನ್ನೇ. 1880ರಲ್ಲಿ ಅಲ್ಜೀರಿಯಾದಲ್ಲಿ ಲಾವೆರಾನ್ ಅನ್ನೋ ಫ್ರೆಂಚ್ ಸೈನ್ಯದ ಡಾಕ್ಟರು ರೋಗಿಗಳ ರಕ್ತದಲ್ಲಿ ಒಂದು ಪರಾವಲಂಬಿ ಜೀವಿಯನ್ನ ನೋಡಿ, ಜ್ವರಕ್ಕೆ ಇದೇ ಕಾರಣ ಅಂದಿದ್ದರು. ರಾಸ್ ಕೂಡ ಮೈಕ್ರೋಸ್ಕೋಪಿನಲ್ಲಿ ಹುಡುಕಿದರು. ಸಿಗಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಆಗ ಏನು ಮಾಡಿದರು ಗೊತ್ತಾ? ಅಂಥದ್ದೇನೂ ಇಲ್ಲ, ಜ್ವರಕ್ಕೆ ಮೂಲ ಹೊಟ್ಟೆಯ ಕೆಡುಕು ಅನ್ನೋ ಅರ್ಥದ ಲೇಖನಗಳನ್ನ ಬರೆದು ಅಚ್ಚು ಹಾಕಿಸಿದರು!

ನಮಗೂ ಇದು ಗೊತ್ತಿರೋ ರೋಗವೇ. ಕೋಡ್ ರನ್ ಆಗಲಿಲ್ಲ ಅಂದರೆ ಕಂಪೈಲರ್ ಸರಿ ಇಲ್ಲ ಅಂತೀವಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ, ನಾವು ರೂಮ್‌ಮೇಟ್ ಹತ್ತಿರ ಹೇಳ್ತೀವಿ, ಅವರು ಪತ್ರಿಕೆಯಲ್ಲಿ ಹೇಳಿಬಿಟ್ಟಿದ್ದರು.

ನಿಜವಾದ ಮೊದಲ ಹೆಜ್ಜೆ

1894ರಲ್ಲಿ ಮತ್ತೆ ರಜೆ, ಮತ್ತೆ ಲಂಡನ್. ಆಗ ಅಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅನ್ನೋ ಹಿರಿಯ ವೈದ್ಯರಿದ್ದರು. ಚೀನಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಆನೆಕಾಲು ರೋಗದ ಹುಳ ಸೊಳ್ಳೆಯ ದೇಹದಲ್ಲಿ ಬೆಳೆಯುತ್ತೆ ಅಂತ 1877ರಲ್ಲೇ ಕಂಡುಕೊಂಡವರು. ರಾಸ್ ಹೋಗಿ ಅವರ ಬಾಗಿಲು ತಟ್ಟಿದರು.

ನನ್ನ ಪ್ರಕಾರ ರಾಸ್ ಜೀವನದ ಅತ್ಯಂತ ಕಷ್ಟದ ಹೆಜ್ಜೆ ಇದು. ವಯಸ್ಸು 37 ಹತ್ತಿರ. ಪರಾವಲಂಬಿ ಇಲ್ಲ ಅಂತ ಅಚ್ಚಿನಲ್ಲಿ ಸಹಿ ಹಾಕಿ ಆಗಿದೆ. ಈಗ ಇನ್ನೊಬ್ಬರ ಮುಂದೆ ವಿದ್ಯಾರ್ಥಿ ಥರ ನಿಂತು, ನನಗೆ ಕಾಣಿಸ್ತಿಲ್ಲ, ತೋರಿಸಿ ಅಂತ ಕೇಳಬೇಕು. ಹೊಸದಾಗಿ ಕಲಿಯೋಕೆ ಅಂಜಿಕೆ ಒಂದು ಥರ. ಕಲಿತದ್ದು ತಪ್ಪು ಅಂತ ಒಪ್ಪಿಕೊಂಡು ಮತ್ತೆ ಶುರು ಮಾಡೋ ಅಂಜಿಕೆ ಅದಕ್ಕಿಂತ ದೊಡ್ಡದು. ಸೆಮಿನಾರಿನಲ್ಲಿ ಡೌಟ್ ಕೇಳೋಕೇ ನಾವು ಪಕ್ಕದವನ ಮುಖ ನೋಡ್ತೀವಿ.

ಮ್ಯಾನ್ಸನ್ ರೋಗಿಯ ರಕ್ತದ ಸ್ಲೈಡ್ ಇಟ್ಟು ತೋರಿಸಿದರು. ರಾಸ್ ನೋಡಿದರು. ಇತ್ತು! ಇಷ್ಟು ವರ್ಷ ತಾವು ಹುಡುಕಿದ ರೀತಿ ಸರಿ ಇರಲಿಲ್ಲ ಅಷ್ಟೇ. ವಾದ ಮಾಡಲಿಲ್ಲ, ಅವತ್ತಿಗೆ ತಮ್ಮ ಸಿದ್ಧಾಂತವನ್ನ ಕೈಬಿಟ್ಟರು. ಅದೇ ವರ್ಷದ ಕೊನೆಯಲ್ಲಿ ಒಂದು ದಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ನಡೀತಾ ಮ್ಯಾನ್ಸನ್ ತಮ್ಮ ಊಹೆ ಹೇಳಿದರು. ಆನೆಕಾಲಿನ ಹುಳದ ಥರ ಮಲೇರಿಯಾದ ಜೀವಿಯೂ ಸೊಳ್ಳೆಯ ಮೂಲಕ ಸಾಗ್ತಿರಬಹುದು. ರಾಸ್‌ಗೆ ಗುರಿ ಸಿಕ್ಕಿಬಿಟ್ಟಿತು. ಕವಿತೆ, ಕಾದಂಬರಿ, ಗಣಿತ ಅಂತ ಹರಿದು ಹಂಚಿಹೋಗಿದ್ದ ಮನಸ್ಸು ಮೊದಲ ಸಲ ಒಂದು ಕಡೆ ನಿಂತಿತು.

ಮತ್ತೆ ಬೆಂಗಳೂರು

1895ರಲ್ಲಿ ಭಾರತಕ್ಕೆ ವಾಪಸ್. ಕೆಲಸ ಸಿಕಂದರಾಬಾದಿನ ರೆಜಿಮೆಂಟಿನಲ್ಲಿ. ಬಂದವರೇ ಸೊಳ್ಳೆ ಹಿಡಿಯೋದು, ಜ್ವರದ ರೋಗಿಗಳನ್ನ ಕಚ್ಚಿಸೋದು, ಸೊಳ್ಳೆಯ ಹೊಟ್ಟೆ ಸೀಳಿ ನೋಡೋದು. ಒಂದೊಂದನ್ನೂ ಬರೆದು ಮ್ಯಾನ್ಸನ್‌ಗೆ ಪತ್ರ ಹಾಕೋದು. ಈ ಇಬ್ಬರ ನಡುವೆ ಓಡಾಡಿದ ಪತ್ರಗಳು ನೂರಕ್ಕಿಂತ ಹೆಚ್ಚು.

ಮ್ಯಾನ್ಸನ್‌ರ ಊಹೆಯಲ್ಲಿ ಒಂದು ದೊಡ್ಡ ತಪ್ಪಿತ್ತು. ಸೊಳ್ಳೆ ನೀರಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತೆ, ಆ ನೀರು ಕುಡಿದವರಿಗೆ ಜ್ವರ ಬರುತ್ತೆ ಅಂತ ಅವರು ನಂಬಿದ್ದರು. ರಾಸ್ ಆ ದಾರಿಯಲ್ಲೂ ಹೋಗಿ ನೋಡಿದರು. ಫಲ ಸಿಗಲಿಲ್ಲ.

ಅಷ್ಟರಲ್ಲಿ, 1895ರ ಸೆಪ್ಟೆಂಬರಿನಲ್ಲಿ, ಸರ್ಕಾರ ಅವರನ್ನ ಎತ್ತಿ ಬೆಂಗಳೂರಿಗೆ ಹಾಕಿತು. ಇಲ್ಲಿ ಕಾಲರಾ ಎದ್ದಿತ್ತು, ಊರಿನ ನೈರ್ಮಲ್ಯ ನೋಡ್ಕೊಳ್ಳೋ ವಿಶೇಷ ಕೆಲಸ. ಆಗಿನ ದಂಡಿನ ಇಕ್ಕಟ್ಟಾದ ಬೀದಿಗಳನ್ನ ಊಹಿಸ್ಕೊಳ್ಳಿ. ಹಿತ್ತಿಲಿಗೊಂದು ಬಾವಿ, ಬಾವಿ ಪಕ್ಕದಲ್ಲೇ ಬಚ್ಚಲ ನೀರು. ಹೆಸರಘಟ್ಟದಿಂದ ಕೊಳಾಯಿ ನೀರು ಬೆಂಗಳೂರಿಗೆ ಬಂದದ್ದು 1896ರಲ್ಲಿ. ಅಲ್ಲೀತನಕ ಕೆರೆ ಬಾವಿಗಳೇ ಗತಿ. ಯಾವ ಮೈಕ್ರೋಸ್ಕೋಪಿಗಾಗಿ ವಾಪಸ್ ಬಂದಿದ್ದರೋ ಅದನ್ನ ಪಕ್ಕಕ್ಕಿಟ್ಟು ಈ ಬಾವಿ, ಚರಂಡಿ, ವರದಿಗಳಲ್ಲಿ ರಾಸ್ ದಿನ ಕಳೀಬೇಕಾಯಿತು. ಬೆಂಗಳೂರಿನ ಹವೆಯಲ್ಲಿ ಮಲೇರಿಯಾ ರೋಗಿಗಳೂ ಕಮ್ಮಿ. ಕೈಕಟ್ಟಿ ಕೂರಿಸಿದ ಹಾಗಾಯಿತು ಅಂತ ಮ್ಯಾನ್ಸನ್‌ಗೆ ಬರೆದು ಅಲವತ್ತುಕೊಂಡರು.

ಆದರೆ ಈ ಸಲ ಅವರು 1883ರ ಹುಡುಗ ಅಲ್ಲ. ಯಾರೋ ತಡೆದರು ಅಂತ ಯೋಚನೆಯನ್ನ ಬಿಟ್ಟುಕೊಡಲಿಲ್ಲ. ಸಿಕ್ಕಷ್ಟು ಸೊಳ್ಳೆ, ಸಿಕ್ಕಷ್ಟು ಹೊತ್ತು ಅಂತ ಮುಂದುವರಿಸಿದರು. ನೀರು ಕುಡಿಯೋದರಿಂದಲ್ಲ, ಸೊಳ್ಳೆ ಕಚ್ಚೋದರಿಂದಲೇ ರೋಗ ದಾಟುತ್ತಿರಬೇಕು ಅನ್ನೋ ಅನುಮಾನ ಅವರಲ್ಲಿ ಗಟ್ಟಿಯಾಗ್ತಾ ಹೋದದ್ದು ಬೆಂಗಳೂರಿನ ಈ ದಿನಗಳಲ್ಲೇ. ಕಾಲರಾ ಕೆಲಸವೂ ದಂಡವಾಗಲಿಲ್ಲ. ರೋಗವನ್ನ ಆಸ್ಪತ್ರೆಯಲ್ಲಲ್ಲ, ಬೀದಿಯಲ್ಲಿ ತಡೀಬೇಕು ಅನ್ನೋ ಪಾಠ ಇಲ್ಲಿ ಕಲಿತದ್ದು ಮುಂದೆ ಜೀವನಪೂರ್ತಿ ಅವರ ಕೈ ಹಿಡೀತು.

1897ರಲ್ಲಿ ಊಟಿ ಕಡೆಯ ಸೀಗೂರು ಘಾಟಿಗೆ ಹೋದರು. ಅದು ಮಲೇರಿಯಾಕ್ಕೆ ಹೆಸರಾದ ಜಾಗ. ದಿನಾ ಕ್ವಿನೈನ್ ತಗೊಂಡರೂ ಅವರಿಗೇ ಜ್ವರ ಬಂತು! ಅಲ್ಲೇ ಬೇರೆ ಜಾತಿಯ ಒಂದು ಸೊಳ್ಳೆಯೂ ಕಣ್ಣಿಗೆ ಬಿತ್ತು. ರೆಕ್ಕೆಯ ಮೇಲೆ ಚುಕ್ಕೆಗಳು, ಗೋಡೆಯ ಮೇಲೆ ಕೂರೋ ಭಂಗಿಯೇ ಬೇರೆ.

ತುಕ್ಕು ಹಿಡಿದ ಮೈಕ್ರೋಸ್ಕೋಪು

ಅದೇ ವರ್ಷದ ಜೂನಿನಲ್ಲಿ ಮತ್ತೆ ಸಿಕಂದರಾಬಾದು. ಬೇಸಿಗೆಯ ಧಗೆ ಇನ್ನೂ ಇಳಿದಿರಲಿಲ್ಲ. ಪಂಕ ಹಾಕಿಸಿದರೆ ಸೀಳಿಟ್ಟ ಸೊಳ್ಳೆ ಗಾಳಿಗೆ ಹಾರಿಹೋಗುತ್ತೆ, ಹಾಗಾಗಿ ಪಂಕವೂ ಇಲ್ಲ. ಹಣೆಯ ಬೆವರು ಸುರಿದು ಮೈಕ್ರೋಸ್ಕೋಪಿನ ತಿರುಪುಗಳು ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದೇ ಕಣ್ಣುಗಾಜೂ ಬಿರುಕು ಬಿಟ್ಟಿತ್ತು. ಎರಡು ವರ್ಷದಲ್ಲಿ ನೂರಾರು ಸೊಳ್ಳೆ ಸೀಳಿದ್ದರು. ಎಲ್ಲವೂ ಬೂದು ಬಣ್ಣದ್ದು ಇಲ್ಲಾ ಪಟ್ಟೆಯದು, ಅಂದರೆ ಮನುಷ್ಯರ ಮಲೇರಿಯಾವನ್ನ ಹೊರಲಾರದ ಜಾತಿಗಳು. ಪ್ರಯೋಗ ಸರಿ ಇತ್ತು, ಸ್ಯಾಂಪಲ್ ತಪ್ಪಿತ್ತು. ಲ್ಯಾಬ್ ಮಾಡಿದವರಿಗೆ ಈ ಸಂಕಟ ಅರ್ಥವಾಗುತ್ತೆ.

ಆಗಸ್ಟಿನ ನಡುವಿಗೆ ಸಹಾಯಕರು ತಂದುಕೊಟ್ಟ ಮರಿಗಳಿಂದ ಚುಕ್ಕೆ ರೆಕ್ಕೆಯ ಸೊಳ್ಳೆಗಳು ಎದ್ದು ಬಂದವು. ಅನಾಫಿಲಿಸ್. ಹುಸೇನ್ ಖಾನ್ ಅನ್ನೋ ರೋಗಿ, ಒಂದು ಸೊಳ್ಳೆಗೆ ಒಂದು ಆಣೆಯಂತೆ ದುಡ್ಡು ಪಡೆದು, 16ರಂದು ಅವುಗಳಿಂದ ಕಚ್ಚಿಸಿಕೊಂಡ. ಆ ಪುಟ್ಟ ಗುಂಪಿನಲ್ಲಿ ಕೆಲವನ್ನ ಆಗಲೇ ಸೀಳಿ ನೋಡಿ ಆಗಿತ್ತು, ಕೆಲವು ತಾವಾಗೇ ಸತ್ತಿದ್ದವು. 20ನೇ ತಾರೀಖು ಮಧ್ಯಾಹ್ನ, ಕಣ್ಣು ಸೋತು ಹೋಗಿದ್ದಾಗ, ಉಳಿದಿದ್ದರಲ್ಲಿ ಒಂದನ್ನ ತೆಗೆದುಕೊಂಡರು. ಜೀವಕೋಶ ಒಂದೊಂದಾಗಿ ನೋಡ್ತಾ ಹೋದರು. ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು, ಒಳಗೆ ಕಪ್ಪು ಕಣಗಳು. ಮಲೇರಿಯಾ ರೋಗಿಯ ರಕ್ತದಲ್ಲಿ ಕಾಣುವಂಥದೇ ಕಣ. ಮಾರನೇ ದಿನ ಇನ್ನೊಂದು ಸೊಳ್ಳೆ ಸೀಳಿದಾಗ ಅದೇ ಕೋಶಗಳು ದೊಡ್ಡದಾಗಿದ್ದವು. ಅಂದರೆ ಬೆಳೀತಿದ್ದವು! ಈಗಲೂ ಆಗಸ್ಟ್ 20 ಜಗತ್ತಿನಾದ್ಯಂತ ಸೊಳ್ಳೆ ದಿನ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತೆ. ಹೆಸರು ಬಂದದ್ದು ರಾಸ್‌ಗೆ. ಜ್ವರದಲ್ಲಿ ನರಳ್ತಾ ಕೈ ಒಡ್ಡಿದ್ದು ಹುಸೇನ್ ಖಾನ್. ಆಳುವವರ ಡಾಕ್ಟರು ಕೇಳಿದಾಗ ಬಡ ರೋಗಿಗೆ ಬೇಡ ಅನ್ನೋ ಸ್ವಾತಂತ್ರ್ಯ ಎಷ್ಟಿತ್ತು? ಇವತ್ತಿನ ಯಾವ ನೈತಿಕ ಸಮಿತಿಯೂ ಅಂಥ ಪ್ರಯೋಗವನ್ನ ಸುಲಭಕ್ಕೆ ಒಪ್ಪಲ್ಲ. ಹಾಗೇ ಮುಂದೆ ಕಲ್ಕತ್ತಾದಲ್ಲಿ ಸೊಳ್ಳೆ, ಮರಿ, ಹಕ್ಕಿ ಅಂತ ಊರೆಲ್ಲ ಅಲೆದು ತಂದುಕೊಟ್ಟ ಮಹಮದ್ ಬಕ್ಷ್. ಇವರಿಲ್ಲದೆ ರಾಸ್ ಇಲ್ಲ.

ಗೆದ್ದ ಮೇಲೂ ವರ್ಗಾವಣೆ

ಇಷ್ಟಾದ ಮೇಲೆ ಸರ್ಕಾರ ಸನ್ಮಾನ ಮಾಡಿರಬೇಕು ಅಂದ್ಕೊಂಡ್ರಾ? ತಿಂಗಳೊಳಗೆ ರಾಜಪುತಾನದ ಖೇರ್ವಾಡಾ ಅನ್ನೋ ಮೂಲೆಗೆ ವರ್ಗ ಮಾಡಿತು. ಅಲ್ಲಿ ಮಲೇರಿಯಾವೇ ಇಲ್ಲ! ರಾಸ್ ಸಿಟ್ಟಾದರು, ಆದರೆ ಕೂರಲಿಲ್ಲ. ಮನುಷ್ಯರಲ್ಲಿ ಸಿಗದಿದ್ದರೆ ಬೇಡ, ಹಕ್ಕಿಗಳಿಗೂ ಒಂದು ಥರ ಮಲೇರಿಯಾ ಬರುತ್ತಲ್ಲ ಅಂತ ಪಾರಿವಾಳ ಹಿಡಿದರು. ಮ್ಯಾನ್ಸನ್ ಲಂಡನ್ನಿನಲ್ಲಿ ಒತ್ತಾಯ ಮಾಡಿ, 1898ರ ಫೆಬ್ರವರಿಯಲ್ಲಿ ಅವರಿಗೆ ಕಲ್ಕತ್ತಾದಲ್ಲಿ ಒಂದು ಪ್ರಯೋಗಾಲಯ ಸಿಗೋ ಹಾಗಾಯಿತು. ಅಲ್ಲಿ ಗುಬ್ಬಿಗಳ ಮೇಲೆ ಕೆಲಸ. ಜುಲೈ ಹೊತ್ತಿಗೆ ಪೂರ್ತಿ ಸುತ್ತು ಕೈಗೆ ಬಂತು. ಹೊಟ್ಟೆಯ ಗೋಡೆಯ ಕೋಶ ಒಡೆದು, ಅದರಿಂದ ಹೊರಬಿದ್ದ ಸೂಜಿಯಂಥ ಜೀವಿಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಸೇರುತ್ತವೆ, ಕಚ್ಚಿದಾಗ ಆರೋಗ್ಯವಾಗಿದ್ದ ಹಕ್ಕಿಯ ರಕ್ತಕ್ಕೆ ಇಳಿಯುತ್ತವೆ. ಕೆಟ್ಟ ಗಾಳಿಯ ಕಥೆ ಅಲ್ಲಿಗೆ ಮುಗೀತು. ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾದಲ್ಲಿ ಅನಾಫಿಲಿಸ್ ಸೊಳ್ಳೆಯ ಪಾತ್ರವನ್ನ ಪೂರ್ತಿ ತೋರಿಸಿದರು. ಕೀರ್ತಿ ಯಾರದು ಅಂತ ರಾಸ್ ಅವರ ಜೊತೆ ಕೊನೇವರೆಗೂ ಕಾದಾಡಿದರು. ಅದು ಅವರ ಸ್ವಭಾವದ ಒಳ್ಳೆ ಮುಖವಲ್ಲ.

1899ರಲ್ಲಿ ಭಾರತ ಬಿಟ್ಟು ಲಿವರ್‌ಪೂಲಿನಲ್ಲಿ ಪಾಠ ಹೇಳೋಕೆ ಹೋದರು. 1902ರಲ್ಲಿ ನೊಬೆಲ್, 1911ರಲ್ಲಿ ಸರ್ ಪದವಿ. ಆದರೆ ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಹೆಚ್ಚು ರುಚಿಸೋದು ಆಮೇಲಿನ ಕೆಲಸ. ಹುಡುಗನಾಗಿದ್ದಾಗ ಕದ್ದುಮುಚ್ಚಿ ಪ್ರೀತಿಸಿದ ಗಣಿತ ಈಗ ವಾಪಸ್ ಬಂತು. ಊರಲ್ಲಿ ಇಷ್ಟು ಜನ, ಇಷ್ಟು ರೋಗಿಗಳು, ತಲೆಗೆ ಇಷ್ಟು ಸೊಳ್ಳೆ ಅಂತ ಸಮೀಕರಣ ಬರೆದು, ರೋಗ ನಿಲ್ಲಬೇಕಾದರೆ ಎಲ್ಲ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗ ತಾನಾಗಿಯೇ ಕುಗ್ಗುತ್ತೆ ಅಂತ ತೋರಿಸಿದರು. ಕೋವಿಡ್ ಕಾಲದಲ್ಲಿ ಟಿ.ವಿ.ಯಲ್ಲಿ ದಿನಾ ಕೇಳ್ತಿದ್ದ ಹರಡುವಿಕೆಯ ಲೆಕ್ಕಾಚಾರಗಳ ಬೇರುಗಳಲ್ಲಿ ಇದೂ ಒಂದು.

ಗಮನಿಸಿದ್ರಾ? 1883ರಲ್ಲಿ ಬೆಂಗಳೂರಿನ ಬಂಗಲೆಯಲ್ಲಿ ಮಾಡಿದ್ದೂ ಇದನ್ನೇ. ಒಂದು ತೊಟ್ಟಿ ಮಗುಚಿದರೆ ಎಷ್ಟು ಸೊಳ್ಳೆ ಕಮ್ಮಿ? ಆಗ ಕಣ್ಣಳತೆಯಲ್ಲಿ ಕಂಡದ್ದನ್ನ ಮುಂದೆ ಸಮೀಕರಣದಲ್ಲಿ ಬರೆದರು. ರೋಸಾ ತೀರಿಕೊಂಡದ್ದು 1931ರಲ್ಲಿ, ರಾಸ್ ಹೋದದ್ದು 1932ರ ಸೆಪ್ಟೆಂಬರ್ 16ರಂದು.

ನಮ್ಮ ತೊಟ್ಟಿ

ಹೋದ ಭಾನುವಾರ ಕೆ.ಆರ್. ಪುರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಇಂದಿರಾನಗರ ದಾಟಿ ಹಲಸೂರಿನಲ್ಲಿ ಇಳಿದೆ. ಸೋಮೇಶ್ವರ ದೇವಸ್ಥಾನದ ಬೀದಿ, ಅಲ್ಲಿಂದ ಕೆರೆ ಏರಿ, ಆಮೇಲೆ ಪರೇಡ್ ಮೈದಾನದವರೆಗೆ ನಡೆದೆ. ರಾಸ್ ಹೆಸರು ನನಗೆ ಎಲ್ಲೂ ಕಾಣಲಿಲ್ಲ. ಕಟ್ಟಡ ಕಟ್ಟೋ ಸೈಟುಗಳಲ್ಲಿ ನಿಂತ ನೀರು, ಎಳನೀರು ಚಿಪ್ಪು, ಹಳೇ ಟೈರು ಮಾತ್ರ ಬೇಕಾದಷ್ಟು ಕಂಡವು. ಮಲೇರಿಯಾ ಬೆಂಗಳೂರಿನಲ್ಲಿ ಈಗ ಅಪರೂಪ ಇರಬಹುದು, ಮಳೆಗಾಲ ಬಂದರೆ ಡೆಂಗಿ ತಪ್ಪಲ್ಲ. ನಮ್ಮ ಹಾಸ್ಟೆಲಿನಲ್ಲೇ ಪರೀಕ್ಷೆ ಹೊತ್ತಿಗೆ ಜ್ವರ ಬಂದು ಪೇಪರ್ ಬಿಟ್ಟವರಿದ್ದಾರೆ. ನೂರನಲವತ್ತು ವರ್ಷ ಆದರೂ ಪರಿಹಾರ ಅದೇ. ತೊಟ್ಟಿ ಮಗುಚಬೇಕು.

ರಾಸ್ ಜೀವನದಿಂದ ನಾನು ಕಲಿತದ್ದು ಇಷ್ಟು. ಗುರಿ ಪೂರ್ತಿ ಕಂಡ ಮೇಲೆ ಹೊರಡೋಣ ಅಂದರೆ ಹೊರಡೋಕೇ ಆಗಲ್ಲ. ಅವರಿಗೆ ಗುರಿ ಕಂಡದ್ದು 37ಕ್ಕೆ. ಆದರೆ ಅದಕ್ಕೆ ಬೇಕಾದ ಮೊದಲ ಹೆಜ್ಜೆ 26ಕ್ಕೇ ಬಿದ್ದಿತ್ತು. ಅದು ಹೆಜ್ಜೆ ಅಂತ ಅವರಿಗೇ ಗೊತ್ತಿರಲಿಲ್ಲ. ಇನ್ನೊಬ್ಬರು ಬೇಡ ಅಂದದ್ದಕ್ಕೆ ಸುಮ್ಮನಾದ ಹನ್ನೊಂದು ವರ್ಷ ಮಾತ್ರ ಅವರು ಕೊಟ್ಟ ಬೆಲೆ. ಆ ಹನ್ನೊಂದು ವರ್ಷದಲ್ಲಿ ಜ್ವರದಿಂದ ಸತ್ತವರ ಲೆಕ್ಕ ಇಟ್ಟವರು ಯಾರು? ನಮ್ಮ ಹಿಂಜರಿಕೆಯ ಬೆಲೆಯನ್ನ ಯಾವಾಗಲೂ ನಾವೊಬ್ಬರೇ ಕಟ್ಟೋದಿಲ್ಲ.

ಅವತ್ತು ರಾತ್ರಿ ಟೆರೇಸಿನಲ್ಲಿ ನೀಲಿ ಡ್ರಮ್ಮನ್ನ ಮಗುಚೋಣ ಅಂದ್ಕೊಂಡಾಗಲೂ, ಓನರ್ ಆಂಟಿ ಬೈತಾರೇನೋ ಅಂತ ಒಂದು ಕ್ಷಣ ನಿಂತೆ. ಆಮೇಲೆ ಮಗುಚಿದೆ. ಬೆಳಗ್ಗೆ ಆಂಟಿ ಬೈದರು, ಟ್ಯಾಂಕರ್ ನೀರಿಗೆ ದುಡ್ಡು ಯಾರು ಕೊಡ್ತಾರೆ ಅಂತ. ಮರಿಗಳನ್ನ ಒಂದು ಬಾಟಲಿಯಲ್ಲಿ ಎತ್ತಿಟ್ಟಿದ್ದೆ, ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಏನೂ ಅನ್ನದೆ ಕೆಳಗೆ ಹೋದರು. ಸಂಜೆ ಡ್ರಮ್ಮಿಗೆ ಹೊಸ ಮುಚ್ಚಳ ಬಂದಿತ್ತು.

ಸೋಮವಾರ ಗೈಡ್ ಹತ್ತಿರ ಹೋಗಿದ್ದೆ. ಮುಚ್ಚಳ ತೆರೆದಿರೋ ಟ್ಯಾಂಕುಗಳನ್ನ ಪತ್ತೆ ಹಚ್ಚೋ ಒಂದು ಸಣ್ಣ ಸೆನ್ಸರ್ ನನ್ನ ಐಡಿಯಾ. ಅವರು ನಗಲಿಲ್ಲ. ಹತ್ತು ಮನೆಯ ಟೆರೇಸ್ ನೋಡಿಕೊಂಡು ಬಾ, ಆಮೇಲೆ ಮಾತಾಡೋಣ ಅಂದರು. ಈ ಶನಿವಾರ ಹೊರಟಿದೀನಿ. ಕೆ.ಆರ್. ಪುರ, ಹಲಸೂರು, ಶಿವಾಜಿನಗರ ಕಡೆ ಇರೋ ಗೆಳೆಯರು ಯಾರಾದರೂ ಜೊತೆಗೆ ಬರ್ತೀರಾ? ಟಾರ್ಚ್ ನನ್ನ ಹತ್ತಿರ ಇದೆ.